ಬಿತ್ತನೆ ಗೆಡ್ಡೆಯಲ್ಲಿ ಬರುವ ಕಾಣದ ರೋಗ: ವೈರಾಯ್ಡ್

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ವಿಜ್ಞಾನದ ಒಂದು ವಿಷಯವನ್ನು, ಹೊಲದಲ್ಲಿ ದುಡಿಯುವವರಿಗೂ ಹತ್ತನೇ ತರಗತಿಯ ಮಕ್ಕಳಿಗೂ ತಿಳಿಯುವಂತೆ ಹೇಳಬೇಕು ಎಂದು ಸಮಿತಿಯವರು ಕೇಳಿದ್ದಾರೆ. ನಾನು ಆರಿಸಿಕೊಂಡಿರುವ ವಿಷಯದ ಹೆಸರು ವೈರಾಯ್ಡ್. ವೈರಸ್ ಎಂಬ ಮಾತು ಕೊರೊನಾ ಬಂದಮೇಲೆ ಅಜ್ಜಿಯರ ಬಾಯಲ್ಲೂ ಇದೆ. ವೈರಾಯ್ಡ್ ಎಂಬುದನ್ನು ನಿಮ್ಮಲ್ಲಿ ಬಹಳ ಜನ ಇವತ್ತೇ ಮೊದಲು ಕೇಳುತ್ತಿರಬಹುದು. ಆದರೆ ಅದಕ್ಕೂ ನಮ್ಮ ಜಿಲ್ಲೆಗೂ ಎರಡು ಕಡೆಯಿಂದ ನಂಟಿದೆ. ಲೋಕದಲ್ಲಿ ಮೊಟ್ಟಮೊದಲು ಗುರುತಿಸಿದ ವೈರಾಯ್ಡ್ ಸಿಕ್ಕಿದ್ದು ಆಲೂಗಡ್ಡೆಯಲ್ಲಿ. ಲೋಕದಲ್ಲಿ ಅತಿ ಹೆಚ್ಚು ಮರಗಳನ್ನು ಕೊಂದ ವೈರಾಯ್ಡ್ ತೆಂಗಿನದು. ಆಲೂಗಡ್ಡೆ ಹಾಸನದ ಹೆಸರು, ತೆಂಗು ಚನ್ನರಾಯಪಟ್ಟಣ ಅರಸೀಕೆರೆಗಳ ಉಸಿರು. ಹಾಗಾಗಿ ಈ ಮಾತು ಈ ಅಂಗಳದಲ್ಲಿ ಆಡಬೇಕಾದ ಮಾತೇ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಆಲೂಗಡ್ಡೆ ಬೆಳೆಯುವ ಜಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದೆ. ಅದಕ್ಕೆ ಮುಖ್ಯ ಕಾರಣ ಅಂಗಮಾರಿ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ನಾಲ್ಕೈದು ದಿನದಲ್ಲಿ ಹೊಲವೇ ಸುಟ್ಟಂತಾಗುತ್ತದಲ್ಲ, ಅದು ಶಿಲೀಂಧ್ರದಂಥ ಜೀವಿಯಿಂದ ಬರುವ ರೋಗ. ಅದಕ್ಕೆ ಸಿಂಪಡಿಸಲು ಔಷಧಿ ಇದೆ, ಹೊತ್ತಿಗೆ ಸರಿಯಾಗಿ ಸಿಂಪಡಿಸಿದರೆ ಬೆಳೆ ಉಳಿಸಿಕೊಳ್ಳಬಹುದು. ನಾನು ಹೇಳಹೊರಟಿರುವುದು ಬೇರೆ ಜಾತಿಯ ರೋಗ. ಅದು ಹೊಲವನ್ನು ಸುಡುವುದಿಲ್ಲ. ಸದ್ದಿಲ್ಲದೆ ಬಂದು ಗೆಡ್ಡೆಯೊಳಗೆ ಕೂರುತ್ತದೆ. ಅದಕ್ಕೆ ಯಾವ ಅಂಗಡಿಯಲ್ಲೂ ಔಷಧಿಯಿಲ್ಲ. ಹಾಗಾಗಿ ಅದನ್ನು ಬರುವುದಕ್ಕೆ ಮುಂಚೆಯೇ ತಿಳಿದುಕೊಂಡಿರಬೇಕು.

ಹುಡುಕಿದ ಕಥೆ

1920ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂಜೆರ್ಸಿಯ ಆಲೂಗಡ್ಡೆ ಹೊಲಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಂಡಿತು. ಗಿಡ ಕುಳ್ಳಾಗಿ ಸೆಟೆದು ನಿಲ್ಲುತ್ತಿತ್ತು, ಎಲೆ ಚಿಕ್ಕದಾಗುತ್ತಿತ್ತು. ಕಿತ್ತು ನೋಡಿದರೆ ಗೆಡ್ಡೆ ದುಂಡಗಿಲ್ಲದೆ ನೂಲು ಸುತ್ತುವ ಕದಿರಿನ ಹಾಗೆ ಎರಡೂ ತುದಿ ಚೂಪಾಗಿ ಉದ್ದವಾಗಿರುತ್ತಿತ್ತು. ಗೆಡ್ಡೆಯ ಮೇಲೆ ಕಣ್ಣುಗಳು ಹೆಚ್ಚಾಗಿ, ಹುಬ್ಬು ಎದ್ದಂತೆ ಕಾಣುತ್ತಿದ್ದವು. ಇದನ್ನು ಕದಿರುಗೆಡ್ಡೆ ರೋಗ ಎಂದು ಕರೆಯೋಣ. ರೋಗದ ಗಿಡದ ರಸವನ್ನು ಒಳ್ಳೆಯ ಗಿಡಕ್ಕೆ ಸವರಿದರೆ ಅದಕ್ಕೂ ಅಂಟುತ್ತಿತ್ತು. ಬ್ಯಾಕ್ಟೀರಿಯಾ ಸಿಗಲಿಲ್ಲ, ಶಿಲೀಂಧ್ರ ಸಿಗಲಿಲ್ಲ. ಇದು ವೈರಸ್ಸೇ ಇರಬೇಕು ಎಂದು ಎಲ್ಲರೂ ನಂಬಿದರು. ಆ ನಂಬಿಕೆ ಸುಮಾರು ನಲವತ್ತು ವರ್ಷ ಹಾಗೇ ನಡೆಯಿತು.

ಅಮೆರಿಕದ ಕೃಷಿ ಇಲಾಖೆಯ ದೊಡ್ಡ ಸಂಶೋಧನಾ ಕೇಂದ್ರ ಮೇರಿಲ್ಯಾಂಡ್ ರಾಜ್ಯದ ಬೆಲ್ಟ್ಸ್‌ವಿಲ್‌ನಲ್ಲಿದೆ. ಅಲ್ಲಿದ್ದ ವಿಲಿಯಂ ರೇಮರ್ ಎಂಬ ವಿಜ್ಞಾನಿ 1960ರ ದಶಕದ ಆರಂಭದಲ್ಲಿ ಒಂದು ಉಪಯುಕ್ತ ಸಂಗತಿ ಕಂಡರು. ರೋಗದ ರಸವನ್ನು ಟೊಮೆಟೊ ಸಸಿಗೆ ಸವರಿದರೆ ಕೆಲವೇ ವಾರಗಳಲ್ಲಿ ಅದು ಮುರುಟಿಕೊಳ್ಳುತ್ತದೆ. ಆಲೂಗಡ್ಡೆಯಲ್ಲಾದರೆ ಗೆಡ್ಡೆ ಬರುವವರೆಗೆ ಕಾಯಬೇಕಿತ್ತು. ಈಗ ಪರೀಕ್ಷೆ ಬೇಗ ಬೇಗ ಮಾಡಬಹುದಾಯಿತು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಲ್ಲಿಗೆ ಬಂದು ಸೇರಿದ್ದ ಥಿಯೊಡರ್ ಡೀನರ್ ಅವರ ಜೊತೆ ಕೈಗೂಡಿಸಿದರು.

ವೈರಸ್ ಇರುವ ರಸವನ್ನು ಅತಿವೇಗದ ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಿದರೆ ವೈರಸ್ ಕಣಗಳು ಭಾರಕ್ಕೆ ತಳ ಸೇರುತ್ತವೆ. ಮೊಸರು ಕಡೆದಾಗ ಬೆಣ್ಣೆ ಮೇಲೆ, ಮಜ್ಜಿಗೆ ಕೆಳಗೆ ಆಗುವ ಹಾಗೆಯೇ. ಆದರೆ ಈ ರೋಗದ ಅಂಟುವ ಗುಣ ತಳಕ್ಕೆ ಹೋಗಲೇ ಇಲ್ಲ, ಮೇಲಿನ ತಿಳಿಯಲ್ಲೇ ಉಳಿಯಿತು. ಅಂದರೆ ಅದು ವೈರಸ್ಸಿಗಿಂತ ತುಂಬ ಹಗುರ. ಆರ್‌ಎನ್‌ಎಯನ್ನು ಕರಗಿಸುವ ಕಿಣ್ವ ಹಾಕಿದರೆ ರೋಗ ಅಂಟುವುದು ನಿಂತಿತು. ಡಿಎನ್‌ಎಯನ್ನು ಕರಗಿಸುವ ಕಿಣ್ವ ಹಾಕಿದರೆ ಏನೂ ಆಗಲಿಲ್ಲ. ಪ್ರೋಟೀನನ್ನು ತೆಗೆದುಹಾಕುವ ಫೀನಾಲಿಗೂ ಅದು ಜಗ್ಗಲಿಲ್ಲ. ಅಂದರೆ ಅದರಲ್ಲಿ ಇರುವುದು ಬರಿಯ ಆರ್‌ಎನ್‌ಎ, ಅದೂ ಚೂರೇ ಚೂರು.

ಆಗಿನ ವಿಜ್ಞಾನ ಇದನ್ನು ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಪ್ರೋಟೀನ್ ಇಲ್ಲದೆ, ಕವಚ ಇಲ್ಲದೆ, ಇಷ್ಟು ಚಿಕ್ಕ ಚೂರು ತಾನಾಗಿ ಹೆಚ್ಚುವುದು ಸಾಧ್ಯವೇ ಇಲ್ಲ ಎಂಬುದು ಎಲ್ಲರ ನಂಬಿಕೆ. ಡೀನರ್ ವಾದ ಮಾಡುತ್ತ ಕೂರಲಿಲ್ಲ. ವರ್ಷಗಟ್ಟಲೆ ಮತ್ತೆ ಮತ್ತೆ ಅಳೆದರು. 1971ರಲ್ಲಿ ಇದು ವೈರಸ್ ಅಲ್ಲ, ಬೇರೆಯೇ ಒಂದು ವರ್ಗ ಎಂದು ಪ್ರಕಟಿಸಿ ವೈರಾಯ್ಡ್ ಎಂದು ಹೆಸರಿಟ್ಟರು. ವೈರಸ್ಸಿನಂಥದ್ದು ಎಂದು ಆ ಮಾತಿನ ಅರ್ಥ. 1976ರಲ್ಲಿ ಜರ್ಮನಿಯ ಹೈನ್ಸ್ ಸೆಂಗರ್ ಅವರ ತಂಡ ಅದು ತುದಿಯಿಲ್ಲದ ಉಂಗುರ ಎಂದು ತೋರಿಸಿತು. 1978ರಲ್ಲಿ ಅದರ ಅಕ್ಷರಮಾಲೆಯನ್ನು ಪೂರ್ತಿ ಓದಿದರು. ಒಟ್ಟು 359 ಅಕ್ಷರ. ಡೀನರ್ ನೂರು ವರ್ಷ ದಾಟಿ ಬದುಕಿ 2023ರಲ್ಲಿ ತೀರಿಕೊಂಡರು.

ಎಷ್ಟು ಚಿಕ್ಕದು?

ಅಕ್ಷರ ಎಂದೆನಲ್ಲ, ಅದನ್ನು ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ. ಆರ್‌ಎನ್‌ಎ ಎಂಬುದು ನಾಲ್ಕು ಬಗೆಯ ಮಣಿಗಳನ್ನು ಪೋಣಿಸಿದ ಸರದ ಹಾಗೆ. ಆ ನಾಲ್ಕಕ್ಕೆ ಎ, ಯು, ಜಿ, ಸಿ ಎಂದು ಹೆಸರು. ಒಂದೊಂದು ಮಣಿಯನ್ನೂ ಒಂದೊಂದು ಅಕ್ಷರ ಎಂದುಕೊಳ್ಳಿ. ಕೊರೊನಾ ವೈರಸ್ಸಿನಲ್ಲಿ ಸುಮಾರು 30,000 ಅಕ್ಷರಗಳಿವೆ. ತಂಬಾಕಿನ ಎಲೆಗೆ ಬರುವ ಮೊಸಾಯಿಕ್ ವೈರಸ್ಸಿನಲ್ಲಿ ಸುಮಾರು 6,400. ಆಲೂಗಡ್ಡೆಯ ವೈರಾಯ್ಡ್‌ನಲ್ಲಿ 359. ತೆಂಗಿನದರಲ್ಲಿ 246 ಮಾತ್ರ. ನಿಮ್ಮ ನೋಟ್ ಬುಕ್ಕಿನ ಅರ್ಧ ಪುಟದಲ್ಲಿ ಅದನ್ನು ಪೂರ್ತಿ ಬರೆದುಬಿಡಬಹುದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವೈರಾಯ್ಡ್‌ಗಳನ್ನು ತುದಿಗೆ ತುದಿ ಸೇರಿಸಿ ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಯನ್ನು ಇದಕ್ಕೆ ಹೇಳಬಹುದು, ಕೀರ್ತಿಯ ಬದಲು ಅಪಕೀರ್ತಿ ಎಂದು ತಿದ್ದಿಕೊಳ್ಳಬೇಕು ಅಷ್ಟೆ.

ಇನ್ನೂ ಆಶ್ಚರ್ಯದ ಸಂಗತಿ, ಆ 359 ಅಕ್ಷರಗಳಲ್ಲಿ ಒಂದೇ ಒಂದು ಪ್ರೋಟೀನ್ ಮಾಡುವ ಬರಹವೂ ಇಲ್ಲ. ವೈರಸ್ಸಾದರೆ ತನ್ನ ಕವಚಕ್ಕೆ, ತನ್ನ ನಕಲು ಮಾಡುವ ಯಂತ್ರಕ್ಕೆ ಬೇಕಾದ ಬರಹವನ್ನು ತಾನೇ ಹೊತ್ತು ತರುತ್ತದೆ. ವೈರಾಯ್ಡ್ ಏನನ್ನೂ ತರುವುದಿಲ್ಲ. ಹಾಗಾದರೆ ಅದು ಹೆಚ್ಚುವುದು ಹೇಗೆ?

ನಾಡಕಚೇರಿಗೆ ಬಂದ ಚೀಟಿ

ನಮ್ಮ ಜಮೀನಿನ ಮೂಲ ದಾಖಲೆ ಕಚೇರಿಯಲ್ಲಿರುತ್ತದೆ. ಅದನ್ನು ಯಾರಿಗೂ ಮನೆಗೆ ಕೊಟ್ಟು ಕಳಿಸುವುದಿಲ್ಲ. ನಮಗೆ ಬೇಕಾದಾಗ ಪಹಣಿಯ ಒಂದು ನಕಲು ತೆಗೆದುಕೊಡುತ್ತಾರೆ. ಆ ನಕಲು ಹಿಡಿದು ನಾವು ಬ್ಯಾಂಕಿಗೋ ಸೊಸೈಟಿಗೋ ಹೋಗಿ ಕೆಲಸ ಮಾಡಿಸಿಕೊಳ್ಳುತ್ತೇವೆ. ಜೀವಕೋಶದಲ್ಲೂ ಹೀಗೆಯೇ. ಡಿಎನ್‌ಎ ಮೂಲ ದಾಖಲೆ. ಅದು ಕೋಶಕೇಂದ್ರ ಎಂಬ ಕಚೇರಿಯಲ್ಲಿದೆ. ಅದರಿಂದ ನಕಲು ತೆಗೆಯುವ ಯಂತ್ರಕ್ಕೆ ಆರ್‌ಎನ್‌ಎ ಪಾಲಿಮರೇಸ್ ಎಂದು ಹೆಸರು. ತೆಗೆದ ನಕಲೇ ಆರ್‌ಎನ್‌ಎ. ಅದು ಹೊರಗೆ ಹೋಗಿ ಪ್ರೋಟೀನ್ ಮಾಡಿಸುತ್ತದೆ.

ಈಗ ಕಚೇರಿಯೊಳಗೆ ಯಾರದೋ ಒಂದು ಚೀಟಿ ನುಸುಳಿತು ಎಂದುಕೊಳ್ಳಿ. ಅದರಲ್ಲಿ ಸರ್ವೆ ನಂಬರಿಲ್ಲ, ಹೆಸರಿಲ್ಲ, ಯಾವ ಆದೇಶವೂ ಇಲ್ಲ. ಆದರೆ ಕಾಗದದ ಅಳತೆ, ಮಡಿಕೆ ಮಾತ್ರ ಅಸಲು ದಾಖಲೆಯ ಹಾಗೇ ಇದೆ. ಯಂತ್ರ ಅದನ್ನೂ ನಕಲು ಮಾಡಲು ಶುರುಮಾಡುತ್ತದೆ. ವೈರಾಯ್ಡ್ ಮಾಡುವುದು ಇದನ್ನೇ. ಅದು ಉಂಗುರವಾದರೂ ತನ್ನ ಮೇಲೆ ತಾನೇ ಮಡಿಸಿಕೊಂಡು ಕೋಲಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಡಿಎನ್‌ಎಯಿಂದ ನಕಲು ತೆಗೆಯಬೇಕಾದ ಯಂತ್ರ ಈ ಮಡಿಕೆಗೆ ಮೋಸಹೋಗಿ ಆರ್‌ಎನ್‌ಎಯಿಂದಲೇ ನಕಲು ತೆಗೆಯುತ್ತದೆ.

ಇದಕ್ಕೆ ಪುರಾವೆ ಒಂದು ವಿಷದ ಅಣಬೆಯಿಂದ ಸಿಕ್ಕಿತು. ಆ ಅಣಬೆಯ ವಿಷಕ್ಕೆ ಅಮಾನಿಟಿನ್ ಎಂದು ಹೆಸರು. ಅದು ಬಹಳ ಸ್ವಲ್ಪ ಪ್ರಮಾಣದಲ್ಲೇ ಪಾಲಿಮರೇಸ್ ಎರಡು ಎಂಬ ಯಂತ್ರವನ್ನು ನಿಲ್ಲಿಸುತ್ತದೆ. ಸಸ್ಯದ ಕೋಶಗಳಿಗೆ ಅದನ್ನು ಕೊಟ್ಟಾಗ ವೈರಾಯ್ಡ್ ಹೆಚ್ಚುವುದೂ ನಿಂತುಹೋಯಿತು. ಅಂದರೆ ಅದು ದುಡಿಸಿಕೊಳ್ಳುತ್ತಿದ್ದುದು ಗಿಡದ ಯಂತ್ರವನ್ನೇ.

ಉಂಗುರಕ್ಕೆ ಮೊದಲೂ ಇಲ್ಲ ಕೊನೆಯೂ ಇಲ್ಲ. ಹಾಗಾಗಿ ಯಂತ್ರ ಅದರ ಮೇಲೆ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಒಂದೊಂದು ಸುತ್ತಿಗೂ ಒಂದೊಂದು ಪ್ರತಿ ಸೇರುತ್ತ ಉದ್ದನೆಯ ಸರಪಳಿಯಾಗುತ್ತದೆ. ಆ ಸರಪಳಿಯ ಮೇಲೆ ಮತ್ತೆ ನಕಲು ನಡೆದು ಬಂದ ಸರಪಳಿಯನ್ನು ಗಿಡದ ಕಿಣ್ವವೊಂದು ಸರಿಯಾದ ಅಳತೆಗೆ ಕತ್ತರಿಸುತ್ತದೆ. ಗಿಡದ್ದೇ ಇನ್ನೊಂದು ಕಿಣ್ವ ಆ ತುಂಡುಗಳ ತುದಿ ಕೂಡಿಸಿ ಉಂಗುರ ಮಾಡುತ್ತದೆ. ಡಿಎನ್‌ಎ ಮುರಿದಾಗ ಬೆಸುಗೆ ಹಾಕಲು ಗಿಡ ಇಟ್ಟುಕೊಂಡಿರುವ ಕಿಣ್ವವದು. ನಕಲು ಮಾಡುವವನೂ ಗಿಡ, ಕತ್ತರಿಸುವವನೂ ಗಿಡ, ಬೆಸೆಯುವವನೂ ಗಿಡ. ಆಮೇಲೆ ಈ ಉಂಗುರಗಳು ಕೋಶದಿಂದ ಕೋಶಕ್ಕೆ ಇರುವ ಸಣ್ಣ ಕಿಂಡಿಗಳಲ್ಲಿ ತೂರಿ, ಆಹಾರ ಹರಿಯುವ ನಾಳ ಹಿಡಿದು ಗೆಡ್ಡೆಯವರೆಗೆ ಹೋಗುತ್ತವೆ.

ಈಗ ನಲವತ್ತಕ್ಕೂ ಹೆಚ್ಚು ವೈರಾಯ್ಡ್‌ಗಳು ಗೊತ್ತಾಗಿವೆ. ಅವುಗಳಲ್ಲಿ ಕೆಲವು, ಬೆಣ್ಣೆಹಣ್ಣಿನ ಮರಕ್ಕೆ ಬರುವಂಥವು, ಕೋಶಕೇಂದ್ರ ಬಿಟ್ಟು ಎಲೆಯ ಹಸಿರು ಇರುವ ಕ್ಲೋರೋಪ್ಲಾಸ್ಟಿನಲ್ಲಿ ಹೆಚ್ಚುತ್ತವೆ. ಅವು ಕತ್ತರಿಸುವ ಕೆಲಸಕ್ಕೂ ಯಾರನ್ನೂ ಕೇಳುವುದಿಲ್ಲ, ಆರ್‌ಎನ್‌ಎ ತಾನೇ ತನ್ನನ್ನು ಕತ್ತರಿಸಿಕೊಳ್ಳುತ್ತದೆ. ಪ್ರೋಟೀನ್ ಇಲ್ಲದೆಯೇ ಆರ್‌ಎನ್‌ಎ ಹೀಗೆ ಕೆಲಸ ಮಾಡಬಲ್ಲದು ಎಂಬ ಶೋಧಕ್ಕೆ 1989ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು. ಅದೇ ವರ್ಷ ಡೀನರ್ ಇನ್ನೊಂದು ಊಹೆ ಮುಂದಿಟ್ಟರು. ಭೂಮಿಯ ಮೇಲೆ ಪ್ರೋಟೀನೂ ಡಿಎನ್‌ಎಯೂ ಇಲ್ಲದೆ ಆರ್‌ಎನ್‌ಎ ಒಂದೇ ಜೀವದ ಕೆಲಸ ನಡೆಸುತ್ತಿದ್ದ ಒಂದು ಕಾಲವಿದ್ದರೆ, ವೈರಾಯ್ಡ್‌ಗಳು ಆ ಕಾಲದ ಪಳೆಯುಳಿಕೆಗಳಿರಬಹುದು ಎಂದು. ಅದು ಊಹೆಯೇ. ಆದರೆ ಹೊಲದ ಒಂದು ಸೊಟ್ಟಗೆಡ್ಡೆಯಿಂದ ಜೀವದ ಹುಟ್ಟಿನವರೆಗೆ ಪ್ರಶ್ನೆ ಹೋಯಿತಲ್ಲ, ಅದನ್ನು ಮಕ್ಕಳು ಗಮನಿಸಬೇಕು.

ಗಿಡ ಏಕೆ ನರಳುತ್ತದೆ?

ಪ್ರೋಟೀನಿಲ್ಲದ ಚೂರು ಗಿಡಕ್ಕೆ ಕೇಡು ಮಾಡುವುದು ಹೇಗೆ? ಗಿಡಕ್ಕೂ ತನ್ನದೇ ಕಾವಲಿದೆ. ಮಡಿಸಿಕೊಂಡ ಆರ್‌ಎನ್‌ಎ ಕಂಡರೆ ಗಿಡದ ಕಿಣ್ವವೊಂದು ಅದನ್ನು 21ರಿಂದ 24 ಅಕ್ಷರಗಳ ಚೂರುಗಳಾಗಿ ಕೊಚ್ಚಿಹಾಕುತ್ತದೆ. ಆ ಚೂರುಗಳನ್ನು ಗುರುತಿನ ಚೀಟಿಯ ಹಾಗೆ ಇಟ್ಟುಕೊಂಡು, ಅದಕ್ಕೆ ಹೊಂದುವ ಆರ್‌ಎನ್‌ಎ ಎಲ್ಲಿ ಕಂಡರೂ ನಾಶ ಮಾಡುತ್ತದೆ. ವೈರಾಯ್ಡ್ ಗಟ್ಟಿ ಮಡಿಕೆಯಿಂದಾಗಿ ಬಹುಪಾಲು ತಪ್ಪಿಸಿಕೊಳ್ಳುತ್ತದೆ. ಆದರೆ ಕೆಲವು ಚೂರುಗಳ ಅಕ್ಷರಗಳು ಗಿಡದ ಸ್ವಂತ ಆರ್‌ಎನ್‌ಎಗೂ ಹೊಂದಿಬಿಡುತ್ತವೆ. ಆಗ ಕಾವಲುಗಾರ ಮನೆಯವರನ್ನೇ ಹೊಡೆಯುತ್ತಾನೆ. ಪೀಚ್ ಹಣ್ಣಿನ ಮರದಲ್ಲಿ ಎಲೆ ಬೆಳ್ಳಗಾಗುವುದು ಹೀಗೆಯೇ ಎಂದು 2012ರಲ್ಲಿ ತೋರಿಸಿದ್ದಾರೆ.

ನಮ್ಮ ಜಿಲ್ಲೆಯ ಇನ್ನೊಂದು ಬೆಳೆಯೂ ಈ ಕಥೆಯಲ್ಲಿದೆ. ಅರಕಲಗೂಡು, ಹೊಳೆನರಸೀಪುರದ ಕಡೆಯವರು ತಂಬಾಕು ಬೆಳೆದು ರಾಮನಾಥಪುರದ ಹರಾಜಿಗೆ ಒಯ್ಯುತ್ತಾರಲ್ಲ, ಆ ತಂಬಾಕಿನ ಗಿಡದಲ್ಲಿ ಸೆಂಗರ್ ಅವರ ತಂಡ ಒಂದು ಪ್ರಯೋಗ ಮಾಡಿತು. ಆಲೂಗಡ್ಡೆ ವೈರಾಯ್ಡ್‌ನ ಅಕ್ಷರಗಳನ್ನು ಡಿಎನ್‌ಎ ರೂಪದಲ್ಲಿ ಗಿಡದ ಮೂಲ ದಾಖಲೆಗೇ ಸೇರಿಸಿದರು. ವೈರಾಯ್ಡ್ ಗಿಡದಲ್ಲಿ ಹೆಚ್ಚತೊಡಗಿದಾಗ, ದಾಖಲೆಯಲ್ಲಿ ಸೇರಿಸಿದ್ದ ಆ ಭಾಗದ ಮೇಲಷ್ಟೇ ಮೀಥೈಲ್ ಎಂಬ ರಾಸಾಯನಿಕ ಮುದ್ರೆ ಬಿದ್ದಿತ್ತು. ಅಂದರೆ ನಕಲು ಹೋಗಿ ಮೂಲ ದಾಖಲೆಗೆ ಬೀಗ ಹಾಕಿಸಬಲ್ಲದು. 1994ರ ಈ ಶೋಧದಿಂದ ಸಸ್ಯವಿಜ್ಞಾನದಲ್ಲಿ ಒಂದು ಹೊಸ ಅಧ್ಯಾಯವೇ ತೆರೆಯಿತು.

ತೆಂಗಿನ ಕಡೆಯ ನಂಟು

ಫಿಲಿಪ್ಪೀನ್ಸ್ ದೇಶದ ಬಿಕೋಲ್ ಪ್ರಾಂತದಲ್ಲಿ ತೆಂಗಿಗೆ ಬಂದ ರೋಗದ ಹೆಸರು ಕಡಂಗ್ ಕಡಂಗ್. ಅಲ್ಲಿಯ ಭಾಷೆಯಲ್ಲಿ ಸಾಯುತ್ತ ಸಾಯುತ್ತ ಹೋಗುವುದು ಎಂಬ ಅರ್ಥದ ಮಾತಿನಿಂದ ಬಂದ ಹೆಸರು. ಹೆಸರಿಗೆ ತಕ್ಕ ಹಾಗೆ ಮರ ಒಮ್ಮೆಗೇ ಸಾಯುವುದಿಲ್ಲ. ಫಲಕ್ಕೆ ಬಂದ ಮರದಲ್ಲಿ ಮೊದಲು ಕಾಯಿ ಚಿಕ್ಕದಾಗಿ ದುಂಡಾಗುತ್ತದೆ, ಸಿಪ್ಪೆಯ ನಡುಭಾಗದಲ್ಲಿ ಗೀರು ಬೀಳುತ್ತದೆ. ಗರಿಯ ಮೇಲೆ ಹಳದಿ ಚುಕ್ಕೆ ಬರುತ್ತವೆ. ಆಮೇಲೆ ಹೊಂಬಾಳೆ ನಿಲ್ಲುತ್ತದೆ, ಸುಳಿ ಕಿರಿದಾಗುತ್ತದೆ. ಎಂಟು ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ನರಳಿ ಮರ ಒಣಗುತ್ತದೆ. 20ನೇ ಶತಮಾನದಲ್ಲಿ ಅಲ್ಲಿ ಹೀಗೆ ಸತ್ತ ಮರಗಳು 3 ಕೋಟಿಗೂ ಹೆಚ್ಚು ಎಂದು ಅಂದಾಜು. ಇದಕ್ಕೆ ಕಾರಣ ವೈರಾಯ್ಡ್ ಎಂಬ ಸುಳಿವು ಹಿಡಿದವರು ಆಸ್ಟ್ರೇಲಿಯಾದ ಜಾನ್ ರಾಂಡಲ್ಸ್, 1975ರಲ್ಲಿ.

ಹಿರಿಯರು ಗಾಬರಿಯಾಗಬೇಡಿ. ನಮ್ಮ ತೋಟಗಳಲ್ಲಿ ನಾವು ಕಾಣುವ ಕಪ್ಪುತಲೆ ಹುಳು, ಅಣಬೆ ರೋಗ, ಕಾಂಡ ಸೋರುವ ರೋಗ, ನುಸಿ, ಬಿಳಿನೊಣ ಇವ್ಯಾವೂ ವೈರಾಯ್ಡ್ ಅಲ್ಲ. ಕೇರಳದ ಬೇರು ಕೊರಗು ರೋಗವೂ ಅದಲ್ಲ, ಅದಕ್ಕೆ ಫೈಟೋಪ್ಲಾಸ್ಮಾ ಎಂಬ ಬೇರೆ ಕಾರಣವಿದೆ. ಕಡಂಗ್ ಕಡಂಗ್ ಸಮುದ್ರ ದಾಟಿ ಬರಬಾರದು ಎಂದೇ ಫಿಲಿಪ್ಪೀನ್ಸ್‌ನಂಥ ರೋಗದ ನಾಡುಗಳಿಂದ ತೆಂಗಿನ ಗಿಡ, ಬೀಜ ತರುವುದನ್ನು ಕೇಂದ್ರ ಸರ್ಕಾರ ತನ್ನ ಸಸ್ಯ ಸಂಪರ್ಕನಿಷೇಧ ಆದೇಶದಲ್ಲಿ ತಡೆದಿದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಪೆಸಿಫಿಕ್ ದ್ವೀಪಗಳಿಂದ ತಂದ ತಳಿಗಳನ್ನು ನೇರ ನಮ್ಮ ಕರಾವಳಿಗೆ ತರದೆ, ದೂರದ ಅಂಡಮಾನ್‌ನಲ್ಲಿ ನೆಟ್ಟು ಇಟ್ಟುಕೊಂಡರು. ವಿದೇಶಕ್ಕೆ ಹೋದ ಮಕ್ಕಳು, ನೆಂಟರು ಪ್ರೀತಿಯಿಂದ ಒಂದು ಗಿಡವನ್ನೋ ಬೀಜವನ್ನೋ ಬ್ಯಾಗಿನಲ್ಲಿಟ್ಟು ತರುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಅದನ್ನು ಮಾಡಬೇಡಿ, ಮಾಡಲು ಬಿಡಬೇಡಿ.

ನಮ್ಮ ದೇಶದಲ್ಲಿ ಇದೆಯೇ?

ಇದೆ. ಟೊಮೆಟೊ ಗಿಡದ ಕುಡಿ ಗುಚ್ಛದಂತೆ ಮುದುಡುವ ಒಂದು ರೋಗಕ್ಕೆ ವೈರಾಯ್ಡ್ ಕಾರಣ ಎಂದು 1991ರಲ್ಲಿ ಭಾರತದ ಮತ್ತು ಅಮೆರಿಕದ ವಿಜ್ಞಾನಿಗಳು ಸೇರಿ ತೋರಿಸಿದರು. ಆ ತಂಡದಲ್ಲಿ ಡೀನರ್ ಕೂಡ ಇದ್ದರು. ನಮ್ಮ ದೇಶದಲ್ಲಿ ಕಾಪಾಡಿಟ್ಟಿದ್ದ ಕಾಡು ಆಲೂಗಡ್ಡೆ ಜಾತಿಗಳಲ್ಲಿ ಕದಿರುಗೆಡ್ಡೆ ವೈರಾಯ್ಡ್‌ನ ಒಂದು ಸೌಮ್ಯ ತಳಿ ಸಿಕ್ಕಿದ್ದು 1992ರಲ್ಲಿ ವರದಿಯಾಯಿತು. ಈಚಿನ ವರ್ಷಗಳಲ್ಲಿ ಸೇವಂತಿಗೆ, ದ್ರಾಕ್ಷಿ, ಬಣ್ಣದೆಲೆಯ ಕೋಲಿಯಸ್ ಗಿಡಗಳಲ್ಲೂ ವೈರಾಯ್ಡ್‌ಗಳನ್ನು ಪತ್ತೆಹಚ್ಚಿದ್ದಾರೆ. ಕೆಲವು ಅಂದದ ಗಿಡಗಳಲ್ಲಿ ವೈರಾಯ್ಡ್ ಇದ್ದರೂ ಒಂದು ಲಕ್ಷಣವೂ ಕಾಣುವುದಿಲ್ಲ. ಇಂಥ ಗೆಡ್ಡೆ, ಹಣ್ಣು ತಿಂದರೆ ಮನುಷ್ಯರಿಗೆ ಏನೂ ಆಗುವುದಿಲ್ಲ, ಆ ಭಯ ಬೇಡ. ನಷ್ಟವಾಗುವುದು ಇಳುವರಿಗೆ. ಸೌಮ್ಯ ತಳಿಯಾದರೆ ಕಾಲು ಭಾಗದವರೆಗೆ, ಉಗ್ರ ತಳಿಯಾದರೆ ಅರ್ಧಕ್ಕಿಂತ ಹೆಚ್ಚು ಬೆಳೆ ಹೋಗಬಹುದು.

ಬೀಜದ ದಾರಿ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮುಂಗಾರಿಗೆ ಮುಂಚೆ ಹಾಸನದ ಎಪಿಎಂಸಿ ಮಾರುಕಟ್ಟೆಗೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬರುತ್ತವೆ. ಬೀಜ ಅಷ್ಟು ದೂರದಿಂದ ಏಕೆ ಬರಬೇಕು? ಉತ್ತರದ ಬಯಲಿನಲ್ಲಿ ಚಳಿಗಾಲ ಶುರುವಾದಾಗ ಗಿಡಹೇನು ಬಹಳ ಕಡಿಮೆ. ಆ ಕಾಲದಲ್ಲಿ ಬೆಳೆದ ಗೆಡ್ಡೆಗೆ ಹೇನು ಹರಡುವ ವೈರಸ್ ಅಂಟುವುದೂ ಕಡಿಮೆ. ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ಈ ವಿಧಾನ 1960ರ ದಶಕದಿಂದ ದೇಶಕ್ಕೆಲ್ಲ ಬೀಜ ಕೊಟ್ಟಿದೆ. ಆದರೆ ವೈರಾಯ್ಡ್‌ಗೆ ಹೇನೇ ಬೇಕೆಂದಿಲ್ಲ. ಅದರ ಮುಖ್ಯ ವಾಹನ ಬಿತ್ತನೆ ಗೆಡ್ಡೆ, ಕತ್ತರಿಸುವ ಚಾಕು, ಗಿಡಕ್ಕೆ ತಾಗುತ್ತ ಹೋಗುವ ಕೈ ಮತ್ತು ಉಪಕರಣ. ಪರಾಗದಲ್ಲೂ ಬೀಜದಲ್ಲೂ ಅದು ಹೋಗುತ್ತದೆ.

ಇತ್ತೀಚೆಗೆ ನಮ್ಮ ಜಿಲ್ಲೆಯಲ್ಲಿ ಒಂದು ಒಳ್ಳೆಯ ಕೆಲಸ ನಡೆದಿದೆ. ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನೆ ಮತ್ತು ವಿಸ್ತರಣಾ ಕೇಂದ್ರದ ನೆರವಿನಿಂದ ರೈತರು ಅಂಗಾಂಶ ಕೃಷಿಯ ತಾಯಿಗಿಡದಿಂದ ಕುಡಿ ಕತ್ತರಿಸಿ, ಬೇರು ಬರಿಸಿ, ಸಸಿ ನೆಟ್ಟು ಬಿತ್ತನೆ ಗೆಡ್ಡೆಯನ್ನು ಇಲ್ಲೇ ಬೆಳೆಯತೊಡಗಿದ್ದಾರೆ. ಪಂಜಾಬಿನ ಲಾರಿಯ ದಾರಿ ಕಾಯಬೇಕಿಲ್ಲ. ಇದು ಇನ್ನೂ ಹೆಚ್ಚಬೇಕು ಎಂದು ನನ್ನ ಆಸೆ. ಹೆಚ್ಚಬೇಕಾದರೆ ಒಂದು ಎಚ್ಚರವೂ ಜೊತೆಗೆ ಬೆಳೆಯಬೇಕು. ಒಂದು ತಾಯಿಗಿಡದಿಂದ ನೂರಾರು ಕುಡಿ ಬರುತ್ತವೆ. ತಾಯಿಯಲ್ಲಿ ವೈರಾಯ್ಡ್ ಇದ್ದರೆ ಎಲ್ಲ ಮಕ್ಕಳಲ್ಲೂ ಇರುತ್ತದೆ. ಅದೇ ಕತ್ತರಿ ಪಕ್ಕದ ತಾಯಿಗಿಡಕ್ಕೂ ಹೋಗುತ್ತದೆ. ಬಿಸಿ ಉಪಚಾರ ಮಾಡಿ ಕುಡಿಯ ತುದಿಯನ್ನಷ್ಟೇ ಬೆಳೆಸಿದರೆ ಅನೇಕ ವೈರಸ್‌ಗಳು ಹೋಗುತ್ತವೆ. ವೈರಾಯ್ಡ್ ಅಷ್ಟಕ್ಕೆ ಹೋಗುವುದಿಲ್ಲ. ಹಾಗಾಗಿ ತಾಯಿಗಿಡವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿಯೇ ಕುಡಿ ತೆಗೆಯಬೇಕು. ಕೊರೊನಾ ಕಾಲದಲ್ಲಿ ಮೂಗಿನ ದ್ರವಕ್ಕೆ ಮಾಡುತ್ತಿದ್ದ ಆರ್‌ಟಿಪಿಸಿಆರ್ ಪರೀಕ್ಷೆಯೇ ಇದಕ್ಕೂ ಆಗುತ್ತದೆ. ಸಸಿ ಕೊಳ್ಳುವ ರೈತರು ವೈರಸ್ ಪರೀಕ್ಷೆ ಆಗಿದೆಯೇ ಎಂದು ಕೇಳುವ ಜೊತೆಗೆ, ವೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದೂ ಕೇಳಿ. ಕೇಳುವವರಿದ್ದರೆ ಮಾಡಿಸುವವರು ಹುಟ್ಟುತ್ತಾರೆ.

ಹೊಲದಲ್ಲಿ ಮಾಡಬಹುದಾದದ್ದು ಮೂರು. ಸಾಧ್ಯವಾದಷ್ಟೂ ಚಿಕ್ಕ ಗೆಡ್ಡೆಯನ್ನು ಇಡಿಯಾಗಿ ಬಿತ್ತಿ. ದೊಡ್ಡ ಗೆಡ್ಡೆ ಕತ್ತರಿಸಲೇಬೇಕಾದರೆ ಎರಡು ಚಾಕು ಇಟ್ಟುಕೊಳ್ಳಿ. ಬ್ಲೀಚ್ ದ್ರಾವಣ ಒಂದು ಪಾಲು, ನೀರು ಒಂಬತ್ತು ಪಾಲು ಬೆರೆಸಿದ ಬಟ್ಟಲಿನಲ್ಲಿ ಒಂದು ಚಾಕು ಮುಳುಗಿರಲಿ, ಇನ್ನೊಂದರಲ್ಲಿ ಕತ್ತರಿಸಿ, ಆಗಾಗ ಬದಲಾಯಿಸಿ. ದ್ರಾವಣ ದಿನದಿನವೂ ಹೊಸದಾಗಿ ಕಲಸಬೇಕು, ಕೈಗವಸು ಇರಬೇಕು, ಕೆಲಸ ಮುಗಿದಮೇಲೆ ಚಾಕು ತೊಳೆಯಬೇಕು. ಕತ್ತರಿಸಿದ ಹೋಳನ್ನು ಮ್ಯಾಂಕೋಜೆಬ್‌ನಲ್ಲಿ ಅದ್ದುತ್ತೇವಲ್ಲ, ಅದು ಕೊಳೆಯುವುದನ್ನು ತಡೆಯುತ್ತದೆ, ವೈರಾಯ್ಡ್‌ಗೆ ಅದು ಏನೂ ಅಲ್ಲ. ಮೂರನೆಯದು, ಉದ್ದಗೆಡ್ಡೆ ಬಿಟ್ಟ ಗಿಡದ ಗೆಡ್ಡೆಯನ್ನು ಬೀಜಕ್ಕೆ ಉಳಿಸಬೇಡಿ. ಉದ್ದವಾದದ್ದೆಲ್ಲ ವೈರಾಯ್ಡ್ ಅಲ್ಲ, ನೀರು ಹೆಚ್ಚು ಕಡಿಮೆಯಾದರೂ ಗೆಡ್ಡೆ ಸೊಟ್ಟಗಾಗುತ್ತದೆ. ಹಾಗಾಗಿ ಅನುಮಾನ ಬಂದರೆ ಕಾರೇಕೆರೆಯ ಕೃಷಿ ಕಾಲೇಜಿಗೋ ಸೋಮನಹಳ್ಳಿ ಕಾವಲಿಗೋ ಗಿಡ ಸಮೇತ ಒಯ್ದು ತೋರಿಸಿ. ಗೊತ್ತಿಲ್ಲದ ರೋಗಕ್ಕೆ ಅಂಗಡಿಯವರು ಕೊಟ್ಟ ಔಷಧಿ ಹೊಡೆದು ದುಡ್ಡು ಕಳೆಯಬೇಡಿ.

ಇದು ಆಗದ ಮಾತಲ್ಲ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಮತ್ತು ಪ್ರಿನ್ಸ್ ಎಡ್ವರ್ಡ್ ಐಲೆಂಡ್ ಪ್ರಾಂತಗಳ ಬಿತ್ತನೆ ಆಲೂಗಡ್ಡೆಯಿಂದ ಈ ವೈರಾಯ್ಡನ್ನು ಪೂರ್ತಿ ಅಳಿಸಿಹಾಕಿದ್ದಾರೆ. ಔಷಧಿಯಿಂದಲ್ಲ, ವರ್ಷವರ್ಷವೂ ಬೀಜ ಪರೀಕ್ಷೆ ಮಾಡಿ, ರೋಗವಿದ್ದದ್ದನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಿ.

ಮಕ್ಕಳಿಗೆ ಒಂದು ಮಾತು

ಈ ಶಾಲೆಗೆ ಐವತ್ತು ವರ್ಷವಾಯಿತು. ಇಲ್ಲಿ ಓದಿದವರ ಮನೆಗಳಲ್ಲಿ ಬಹುಪಾಲು ಹೊಲ ತೋಟದ ಮನೆಗಳೇ. ಮಕ್ಕಳೇ, ನಿಮಗೆ ಪ್ರಯೋಗಾಲಯ ಇಲ್ಲ, ದೊಡ್ಡ ಸೂಕ್ಷ್ಮದರ್ಶಕ ಇಲ್ಲ ಎಂದು ಕೊರಗಬೇಡಿ. ವೈರಾಯ್ಡ್ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಅದನ್ನು ಮೊದಲು ಕಂಡದ್ದು, ಈ ಗೆಡ್ಡೆ ಉಳಿದವುಗಳ ಹಾಗಿಲ್ಲವಲ್ಲ ಎಂದು ಹೊಲದಲ್ಲಿ ನಿಂತು ನೋಡಿದ ಕಣ್ಣು. ಆ ಕಣ್ಣು ನಿಮಗೆಲ್ಲರಿಗೂ ಇದೆ.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಶಾಲೆಗೆ ಒಂದು ದಪ್ಪ ರಿಜಿಸ್ಟರ್ ಕೊಡಿಸೋಣ. ಪ್ರತಿ ಮುಂಗಾರಿನಲ್ಲೂ ಎಂಟು ಒಂಬತ್ತನೇ ತರಗತಿಯ ಮಕ್ಕಳು ತಮ್ಮ ಮನೆಯ ಹೊಲದಲ್ಲಿ ಬೇರೆಯಾಗಿ ಕಂಡ ಗಿಡದ ವಿವರವನ್ನು ಅದರಲ್ಲಿ ಬರೆಯಲಿ: ಯಾವ ಊರು, ಯಾವ ಬೆಳೆ, ಬೀಜ ಎಲ್ಲಿಂದ ಬಂತು, ಏನು ಕಂಡಿತು, ಎಷ್ಟು ಗಿಡದಲ್ಲಿ ಕಂಡಿತು. ವಿಜ್ಞಾನದ ಮೇಷ್ಟ್ರು ಅದನ್ನು ನೋಡಿ, ಬೇಕಾದದ್ದನ್ನು ಸಂಶೋಧನಾ ಕೇಂದ್ರಕ್ಕೆ ಕಳಿಸಲಿ. ಹತ್ತು ವರ್ಷ ಹೀಗೆ ಬರೆದರೆ ಈ ಹೋಬಳಿಯ ಬೆಳೆಗಳ ಆರೋಗ್ಯದ ದಾಖಲೆ ಈ ಶಾಲೆಯ ಬೀರುವಿನಲ್ಲಿರುತ್ತದೆ. ಬರಬಾರದ ರೋಗ ಎಂದಾದರೂ ಬಂದರೆ, ಅದು ಹರಡುವ ಮುಂಚೆ ಮೊದಲು ಗೊತ್ತಾಗುವುದು ಇಲ್ಲಿಯೇ. ಮೊದಲ ರಿಜಿಸ್ಟರನ್ನು ನಾನು ಇಂದೇ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇನೆ.